ಎರಡು ಸೀಟಿನ ಕೆಂಪು ಕಾರು

“ಫುಪ್ಪು, ಮೊದಲು ಫೋಟೋ ನೋಡಿ. ಬೈಯುವುದಿದ್ದರೆ ಆಮೇಲೆ ಬೈಯಿರಿ” ಎನ್ನುತ್ತಾ ಅಣ್ಣನ ಮಗ ತನ್ನ ಮೊಬೈಲನ್ನು ನನ್ನ ಕೈಗಿತ್ತ. ರಬಕವಿಯ ಅವರ ಮನೆಯಲ್ಲಿ ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಹಿಂದಿನ ಕೋಣೆಯಲ್ಲಿ ಪವರ್‌ಲೂಮ್‌ಗಳ ಸದ್ದು ನಡೆದೇ ಇತ್ತು. ಫೋಟೋದಲ್ಲಿ ಒಂದು ಕೆಂಪು ಕಾರು. ನೆಲಕ್ಕೆ ತಾಗುವಂತಹ ಕುಳ್ಳ ಗಾಡಿ, ಮೇಲೆ ಬಟ್ಟೆಯ ಹುಡ್, ಒಳಗೆ ಎರಡೇ ಎರಡು ಸೀಟು.

“ಚೆನ್ನಾಗಿದೆ. ನೀನೂ ನಿನ್ನ ಅಮ್ಮಿಯೂ ಕೂತ ಮೇಲೆ ದಾದಿ ಎಲ್ಲಿ ಕೂರುವುದು? ತಂಗಿಯರು ಎಲ್ಲಿ?” ಎಂದು ಕೇಳಿದೆ.

“ಅವರಿಗೆ ರಿಕ್ಷಾ ಇದೆಯಲ್ಲ” ಎಂದು ನಕ್ಕ. ನಾನೂ ನಕ್ಕೆ. ಭಾಬಿ ಮಾತ್ರ ನಗಲಿಲ್ಲ. ಪಾತ್ರೆಗಳನ್ನು ಎತ್ತಿಕೊಂಡು ಸುಮ್ಮನೆ ಅಡುಗೆಮನೆಗೆ ಹೋದರು.

ಅವರ ಹಿಂದೆ ಹೋದಾಗ ವಿಷಯ ತಿಳಿಯಿತು. ಕಾರಿನ ಬೆಲೆ ಮೂರು ಲಕ್ಷಕ್ಕಿಂತ ಹೆಚ್ಚು. ಮನೆಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಕಿರಿಯ ಮಗಳನ್ನು ನರ್ಸಿಂಗ್ ಓದಿಸಲೆಂದು ಮಗ್ಗದ ದುಡಿಮೆಯಿಂದ ವರ್ಷಗಟ್ಟಲೆ ಕೂಡಿಸಿಟ್ಟ ಹಣ ಅದು. “ಬೇಡ ಎಂದರೆ ಅವನು ಎದುರಾಡುವುದಿಲ್ಲ. ಅದೇ ನನಗೆ ಕಷ್ಟ” ಎಂದರು ಭಾಬಿ. ಅವರ ಮಾತು ನಿಜ. ಅಣ್ಣ 2020ರಲ್ಲಿ ತೀರಿಕೊಂಡಾಗ ಈ ಹುಡುಗನಿಗೆ ಇಪ್ಪತ್ತು ವರ್ಷ. ಕಾಲೇಜು ಬಿಟ್ಟು ಮಗ್ಗದ ಮುಂದೆ ನಿಂತವನು ಇಷ್ಟು ವರ್ಷ ತನಗಾಗಿ ಏನನ್ನೂ ಕೇಳಿರಲಿಲ್ಲ. ಈಗ ಮೊದಲ ಬಾರಿಗೆ ಒಂದು ಆಸೆ ಹೇಳಿಕೊಂಡಿದ್ದಾನೆ. ಅದನ್ನು ನಕ್ಕು ತಳ್ಳಿಬಿಡುವುದು ನ್ಯಾಯವಲ್ಲ. ಹಾಗೆಂದು ತಂಗಿಯ ಓದಿನ ಹಣವನ್ನು ಕೊಟ್ಟುಬಿಡುವುದೂ ನ್ಯಾಯವಲ್ಲ.

“ಮೂರು ದಿನ ಸಮಯ ಕೊಡು. ಯಾರಿಗೂ ಮುಂಗಡ ಕೊಡಬೇಡ. ಗಾಡಿಯ ಆರ್.ಸಿ. ಪ್ರತಿ ತರಿಸು. ಎಲ್ಲರೂ ಕೂಡಿ ನೋಡೋಣ” ಎಂದೆ. ಅವನ ಮುಖ ಅರಳಿತು.

ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ವಿದೇಶದ ಗಾಡಿ ಇರಬೇಕೆಂದು ನಾನು ಭಾವಿಸಿದ್ದೆ. ಅಲ್ಲವಂತೆ. ರೈಲ್ವೆಗೆ ಸಂಬಂಧಿಸಿದ ಯಂತ್ರಗಳನ್ನು ತಯಾರಿಸುತ್ತಿದ್ದ ಬೆಂಗಳೂರಿನ ಸ್ಯಾನ್ ಇಂಜಿನಿಯರಿಂಗ್ ಸಂಸ್ಥೆಯ ಬಳಗದಿಂದ ಬಂದದ್ದು, ತಯಾರಾಗುತ್ತಿದ್ದುದು ಗೋವಾದಲ್ಲಿ. 1998ರಲ್ಲಿ ಮಾರುಕಟ್ಟೆಗೆ ಬಂತು. ಫ್ರಾನ್ಸಿನ ರೆನೋ ಕಂಪನಿಯ ಸುಮಾರು 1,150 ಸಿ.ಸಿ.ಯ ಎಂಜಿನ್, ಫೈಬರ್‌ನ ಮೈ, ಮಡಚಿಡುವ ಬಟ್ಟೆಯ ಛಾವಣಿ. ನಮ್ಮ ದೇಶದಲ್ಲೇ ತಯಾರಾದ ಇಂತಹ ಎರಡು ಸೀಟಿನ ತೆರೆದ ಕಾರುಗಳು ಬೆರಳೆಣಿಕೆಯಷ್ಟು. ಹಾಗಾಗಿ ಆಸಕ್ತರು ಇಂದಿಗೂ ಅದನ್ನು ಹುಡುಕುತ್ತಾರೆ. ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. ಈಗ ಸಿಗುವುದೆಲ್ಲ ಹಳೆಯ ಗಾಡಿಯೇ.

ಮರುದಿನ ಜಮಖಂಡಿಯಲ್ಲಿ ನಮಗೆ ಪರಿಚಯದ ಮಿಸ್ತ್ರಿಯೊಬ್ಬರ ಬಳಿಗೆ ಹೋದೆವು. ಅಣ್ಣನ ಕಾಲದಿಂದಲೂ ಮನೆಯ ಗಾಡಿಗಳನ್ನು ನೋಡಿದವರು. ಫೋಟೋ ನೋಡಿ ಅವರೂ ಖುಷಿಪಟ್ಟರು. ಆಮೇಲೆ ಹೇಳಿದರು: “ಅಕ್ಕಾರ, ನೋಡಾಕ ಭಾಳ ಚಂದ ಐತ್ರಿ. ಆದ್ರ ಇದರ ಸಾಮಾನು ಎಲ್ಲಿಂದ ತರೂದು? ಮಾರುತೀದಾದ್ರ ಜಮಖಂಡ್ಯಾಗ ಎಲ್ಲಿ ಬೇಕಾದ್ರೂ ಸಿಗತಾವ. ಇದರದು ಒಂದು ಬೆಲ್ಟ್ ಹರದ್ರೂ ಗೋವಾ, ಬೆಂಗಳೂರ ಅಂತ ಫೋನ್ ಮಾಡ್ಕೋತ ಕುಂದ್ರಬೇಕ್ರಿ.”

ನಮ್ಮ ರಸ್ತೆಗಳ ಮಾತೂ ಬಂತು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಎಂದರೆ ಕಬ್ಬಿನ ಸೀಮೆ. ಹಂಗಾಮು ಶುರುವಾದರೆ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ರಾತ್ರಿಯೆಲ್ಲ ಕಬ್ಬು ಸಾಗುತ್ತದೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪವೂ ಇರುವುದಿಲ್ಲ. ಅವುಗಳ ನಡುವೆ ನೆಲಕ್ಕಂಟಿದ, ಫೈಬರ್ ಮೈಯ, ಮೇಲೆ ಬರೀ ಬಟ್ಟೆ ಇರುವ ಗಾಡಿ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಹುಡ್ ತೆಗೆದರೆ ತಲೆ ಸುಡುತ್ತದೆ. ಎರೆ ಮಣ್ಣಿನ ಹಾದಿಯಲ್ಲಿ ಮಳೆ ಬಂದರೆ ಹೊಟ್ಟೆ ಕೆಸರಿಗೆ ತಾಗುತ್ತದೆ. ಹುಡುಗ ಎಲ್ಲವನ್ನೂ ಕೇಳಿಸಿಕೊಂಡ. “ದಿನಾ ಓಡಿಸುವುದಿಲ್ಲ ಫುಪ್ಪು. ಮದುವೆ ಮೆರವಣಿಗೆಗೆ ಬಾಡಿಗೆಗೆ ಕೊಟ್ಟರೆ ಎರಡು ವರ್ಷದಲ್ಲಿ ಹಣ ವಾಪಸ್ ಬರುತ್ತದೆ” ಎಂದ.

ಇಲ್ಲಿ ನಾನು ಅವನನ್ನು ತಡೆಯಬೇಕಾಯಿತು. ಖಾಸಗಿ ಹೆಸರಿನಲ್ಲಿ ನೋಂದಣಿಯಾದ, ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ಅದಕ್ಕೆ ಪರ್ಮಿಟ್ ಬೇಕು. ಇಲ್ಲದಿದ್ದರೆ ದಂಡ, ಜೈಲು ಎರಡಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಅದಕ್ಕಿಂತ ದೊಡ್ಡ ಅಪಾಯ ವಿಮೆಯದು. ಮೆರವಣಿಗೆಯ ಗದ್ದಲದಲ್ಲಿ ಯಾವುದೋ ಮಗುವಿಗೆ ಗಾಡಿ ತಾಗಿತು ಎಂದಿಟ್ಟುಕೊಳ್ಳಿ. ಬಾಡಿಗೆಗೆ ಓಡಿಸಿದ್ದು ಗೊತ್ತಾದರೆ ವಿಮಾ ಕಂಪನಿ ಕೈ ಎತ್ತಬಹುದು. ಪರಿಹಾರದ ಹೊರೆ ಮನೆಯ ಮೇಲೆ ಬೀಳುತ್ತದೆ.

“ಕ್ಲಾಸಿಕ್ ಕಾರು ಅಂತ ಬರೆದಿದ್ದಾರೆ. ಅದಕ್ಕೆ ಬೇರೆ ನಿಯಮ ಇದೆಯಂತಲ್ಲ?” ಎಂದ. ಅದನ್ನೂ ವಿಚಾರಿಸಿದೆವು. ಹಳೆಯ ಗಾಡಿಗಳಿಗೆಂದು ಕೇಂದ್ರ ಸರಕಾರ 2021ರಲ್ಲಿ ವಿಂಟೇಜ್ ನಿಯಮ ತಂದಿರುವುದು ನಿಜ. ಆದರೆ ಅದು ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳಿಗೆ ಮಾತ್ರ. ಅವನ್ನೂ ಪ್ರದರ್ಶನ, ರ್‍ಯಾಲಿ ಮುಂತಾದ ಕೆಲವು ಕಾರಣಗಳಿಗಷ್ಟೇ ರಸ್ತೆಗೆ ತರಬಹುದು. ಇಪ್ಪತ್ತು, ಇಪ್ಪತ್ತೈದು ವರ್ಷದ ಕಾರಿಗೆ ‘ಕ್ಲಾಸಿಕ್’ ಎನ್ನುವುದು ಮಾರುವವರ ಮಾತು. ಕಾನೂನಿನ ಕಣ್ಣಲ್ಲಿ ಅದು ಹದಿನೈದು ವರ್ಷ ದಾಟಿದ ಹಳೆಯ ಕಾರು, ಅಷ್ಟೇ.

ಮೂರನೆಯ ದಿನ ಆರ್.ಸಿ. ಪ್ರತಿ ಬರಲಿಲ್ಲ. “ಗಾಡಿ ನೋಡಿ, ಕಾಗದ ಇಲ್ಲೇ ತೋರಿಸುತ್ತೇನೆ” ಎಂದನಂತೆ ದಲ್ಲಾಳಿ. ಗಡಿಯಾಚೆ ಮಹಾರಾಷ್ಟ್ರದ ಒಂದು ಊರು. ಮಿಸ್ತ್ರಿಯವರನ್ನೂ ಕರೆದುಕೊಂಡು ಹೋದೆವು. ಭಾಬಿಯೂ ಬಂದರು. ಅವರು ಬರಲೇಬೇಕೆಂದು ನಾನೇ ಹಟ ಹಿಡಿದಿದ್ದೆ. ಹಣ ಕೂಡಿಸಿದವರು ಅವರು. ಖರ್ಚಾಗುವ ಜಾಗದಲ್ಲೂ ಅವರು ಇರಬೇಕಲ್ಲವೇ?

ಕಾರು ನಿಜಕ್ಕೂ ಚೆಂದವಿತ್ತು. ಬಿಸಿಲಿಗೆ ಕೆಂಪು ಬಣ್ಣ ಹೊಳೆಯುತ್ತಿತ್ತು. ಮಿಸ್ತ್ರಿ ಬಣ್ಣದ ಕಡೆ ನೋಡಲೇ ಇಲ್ಲ. ಮೊದಲು ಎಂಜಿನ್ ಮುಟ್ಟಿ ನೋಡಿದರು, ಬೆಚ್ಚಗಿತ್ತು. “ನಾವು ಬರೂಕಿಂತ ಮೊದಲ ಚಾಲೂ ಮಾಡಿ ಇಟ್ಟಾರ. ಥಂಡ ಗಾಡಿ ಹೆಂಗ ಚಾಲೂ ಆಗತೈತಿ ಅನ್ನೂದು ನೋಡಬೇಕ್ರಿ” ಎಂದು ಪಿಸುಗುಟ್ಟಿದರು. ಕಾಲಡಿಯ ಮ್ಯಾಟ್ ಎತ್ತಿದರೆ ಒದ್ದೆ ವಾಸನೆ. ಹುಡ್‌ನ ಹೊಲಿಗೆ ಬಿಟ್ಟಲ್ಲಿ ಮಳೆನೀರು ಇಳಿದಿತ್ತು. ಫೈಬರ್ ತುಕ್ಕು ಹಿಡಿಯುವುದಿಲ್ಲ, ಆದರೆ ಅದರ ಕೆಳಗಿನ ಕಬ್ಬಿಣ ಹಿಡಿಯುತ್ತದೆ. ಕಡಲ ತೀರದಲ್ಲಿ ಓಡಿದ ಗಾಡಿಯಾದರೆ ಇನ್ನೂ ಬೇಗ. ಮಲಗಿ ಟಾರ್ಚ್ ಬಿಟ್ಟು ನೋಡಿದ ಮಿಸ್ತ್ರಿ ಮುಖ ಸಿಂಡರಿಸಿದರು. ಟೈರಿನ ಗುಂಡಿಗಳು ಆಳವಾಗಿಯೇ ಇದ್ದವು. ಆದರೆ ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅದರಲ್ಲಿ 2310 ಎಂದಿತ್ತು. ಅಂದರೆ 2010ರ ಇಪ್ಪತ್ತಮೂರನೆಯ ವಾರ ತಯಾರಾದ ಟೈರು. ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ.

ಇಷ್ಟಾದರೂ ಹುಡುಗನ ಕಣ್ಣು ಕಾರಿನ ಮೇಲೇ ಇತ್ತು. “ಇದೆಲ್ಲ ರಿಪೇರಿ ಆಗುವಂಥದ್ದು ಫುಪ್ಪು” ಎಂದ. ಇರಬಹುದು. ಆಗ ನಾನು ಕಾಗದ ಕೇಳಿದೆ.

ಆರ್.ಸಿ. ಗೋವಾದ್ದು. ಮೊದಲ ನೋಂದಣಿ 2002. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದನ್ನು 2017ರಲ್ಲಿ ಒಮ್ಮೆ ನವೀಕರಿಸಿದ್ದರು. 2022ಕ್ಕೆ ಅದೂ ಮುಗಿದಿತ್ತು. ವಿಮೆ ಇರಲಿಲ್ಲ. ನವೀಕರಣದ ಶುಲ್ಕವೂ ಹಿಂದಿನಂತಿಲ್ಲ. 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿಗೆ ತರಬೇಕಾದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಅದಕ್ಕೆ ನಮೂನೆ 28. ಇಲ್ಲಿ ಬಂದು ಕರ್ನಾಟಕದ ತೆರಿಗೆ ಕಟ್ಟಿ, ಜಮಖಂಡಿಯ ಕೆಎ-48ರ ಹೊಸ ಸಂಖ್ಯೆ ಪಡೆಯಬೇಕು. ಕಾರಿನ ಬೆಲೆಯ ಮೇಲೆ ಇವೆಲ್ಲ ಸೇರುತ್ತವೆ.

“ಆರ್.ಸಿ.ಯಲ್ಲಿ ಹೆಸರಿರುವವರು ಎಲ್ಲಿ?” ಎಂದು ಭಾಬಿ ಕೇಳಿದರು. ಅಲ್ಲಿಯವರೆಗೆ ಅವರು ಒಂದು ಮಾತನ್ನೂ ಆಡಿರಲಿಲ್ಲ.

“ಅವರು ತೀರಿಕೊಂಡು ಮೂರು ವರ್ಷ ಆತ್ರಿ. ಚಿಂತೀ ಮಾಡಬ್ಯಾಡ್ರಿ, 29, 30 ಎರಡೂ ನಮೂನೆಗೆ ಮೊದಲ ಸಹಿ ಮಾಡಿ ಕೊಟ್ಟಾರ. ನೀವು ತಾರೀಖು ಬರಕೊಂಡ್ರ ಮುಗೀತು” ಎಂದ ದಲ್ಲಾಳಿ.

ಭಾಬಿ ಆ ಖಾಲಿ ನಮೂನೆಯನ್ನೇ ನೋಡುತ್ತಾ ನಿಂತರು. “ಅವರ ಹೆಂಡತಿ ಇದ್ದಾರೆಯೇ? ಅವರಿಗೆ ಗೊತ್ತೇ? ಅವರ ಜೊತೆ ಒಮ್ಮೆ ಮಾತಾಡಿಸಿ” ಎಂದರು. ದಲ್ಲಾಳಿಗೆ ಆ ಮಾತು ಹಿಡಿಸಲಿಲ್ಲ. ಬೇರೆ ಗಿರಾಕಿ ಕಾದಿದ್ದಾರೆ, ಸಂಜೆಯೊಳಗೆ ಮುಂಗಡ ಕೊಡಿ ಎಂದ. ಹಳೆಯ ಗಾಡಿ ಮಾರುವ ವ್ಯಾಪಾರಸ್ಥರು 2023ರ ಏಪ್ರಿಲ್ 1ರಿಂದ ಸಾರಿಗೆ ಇಲಾಖೆಯ ಅಧಿಕಾರ ಪತ್ರ ಹೊಂದಿರಬೇಕು. ಅದನ್ನು ಕೇಳಿದ್ದಕ್ಕೆ ಅವನು ಉತ್ತರವನ್ನೇ ಕೊಡಲಿಲ್ಲ.

ಪ್ರವಾದಿಯವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಪ್ರಸಂಗವನ್ನು ನಾವೆಲ್ಲ ಕೇಳಿದ್ದೇವೆ. ಮೇಲೆ ಒಣಗಿದ ಕಾಳು, ಒಳಗೆ ಒದ್ದೆ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ಮಾರುವವನನ್ನು ಕೇಳಿದರು. ಆ ಹೊತ್ತು ಆ ಅಂಗಳದಲ್ಲಿ ನನಗೆ ಅದೇ ನೆನಪಾಯಿತು. ಅಲ್ಲಿ ಒದ್ದೆ ಇದ್ದದ್ದು ಮ್ಯಾಟಿನ ಕೆಳಗೆ ಮಾತ್ರವಲ್ಲ, ಕಾಗದದ ಕೆಳಗೂ ಇತ್ತು.

ಮುಂಗಡ ಕೊಡದೆ ಹಿಂದಿರುಗಿದೆವು. ದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ರಬಕವಿ ಹತ್ತಿರ ಬಂದಾಗ ಭಾಬಿ ಒಮ್ಮೆಲೇ ಕೇಳಿದರು: “ನಮ್ಮ ಜೀಪಿನ ಕಾಗದವನ್ನೂ ಅವರು ಹೀಗೇ ಸಹಿ ಮಾಡಿ ಕೊಟ್ಟಿದ್ದರಲ್ಲವೇ?”

ನಮಗೆಲ್ಲ ಆ ಜೀಪು ಮರೆತೇ ಹೋಗಿತ್ತು. ಅಣ್ಣನಿಗೆ ಬಹಳ ಇಷ್ಟವಾಗಿದ್ದ, ಹುಡ್ ಹಾಕಿದ ಜೀಪು. ನೂಲಿನ ವ್ಯಾಪಾರದಲ್ಲಿ ಹಣದ ಅಡಚಣೆ ಬಂದಾಗ, 2016ರಲ್ಲಿ, ಬೀಳಗಿಯ ಒಬ್ಬರಿಗೆ ಮಾರಿದ್ದ. ಪರಿಚಯದವರು, ನಂಬಿಕೆಯವರು. ಖಾಲಿ ನಮೂನೆಗೆ ಸಹಿ ಹಾಕಿ, ಹಣ ಎಣಿಸಿಕೊಂಡು ಕೈಮುಗಿದಿದ್ದ. ಹುಡುಗ ಗಾಡಿ ನಿಲ್ಲಿಸಿ, ಅಪ್ಪನ ಜೀಪಿನ ಸಂಖ್ಯೆಯನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿದ. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಅದರಲ್ಲಿ ಮುಚ್ಚಿರುತ್ತಾರೆ. ಆದರೂ ಗುರುತು ಸಿಕ್ಕಿತು. ಅಣ್ಣನ ಹೆಸರೇ. ವಿಮೆಯ ಅವಧಿ ಮುಗಿದು ಏಳು ತಿಂಗಳಾಗಿತ್ತು.

ಸಹೋದರಿಯರೇ, ಇದರ ಅರ್ಥವೇನು ಗೊತ್ತೇ? ಗಾಡಿಯನ್ನು ಮಾರಿದೆವು, ಹಣ ಪಡೆದೆವು, ನಮ್ಮ ಹೊಣೆ ಮುಗಿಯಿತು ಎಂದು ನಾವು ತಿಳಿದಿದ್ದೇವೆ. ಕಾನೂನು ಹಾಗೆ ಹೇಳುವುದಿಲ್ಲ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಇಂತಹದೇ ಒಂದು ಮೊಕದ್ದಮೆಯ ತೀರ್ಪು ಕೊಟ್ಟಿತು. ಒಬ್ಬರು 2007ರಲ್ಲಿ ಕಾರು ಮಾರಿದ್ದರು. ಅದು ಕೈಯಿಂದ ಕೈಗೆ ದಾಟಿ ನಾಲ್ಕನೆಯವರಲ್ಲಿ ಇದ್ದಾಗ, 2009ರಲ್ಲಿ ಅಪಘಾತವಾಯಿತು. ನೋಂದಣಿ ಪುಸ್ತಕದಲ್ಲಿ ಮಾತ್ರ ಹೆಸರು ಬದಲಾಗಿರಲಿಲ್ಲ. ಯಾರ ಹೆಸರು ನೋಂದಣಿಯಲ್ಲಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ನ್ಯಾಯಾಲಯ ಹೇಳಿತು. ಗಾಯಗೊಂಡವರು ಹೊಸ ಹೊಸ ಮಾಲೀಕರನ್ನು ಹುಡುಕುತ್ತಾ ಅಲೆಯಬೇಕಾಗಬಾರದು ಎಂಬುದೇ ಅದರ ಆಶಯ. ಹೆಸರಿನವರು ತೀರಿಕೊಂಡಿದ್ದರೆ, ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಆ ಹೊಣೆ ವಾರಸುದಾರರ ಬಾಗಿಲಿಗೆ ಬರಬಹುದು. ಭಾಬಿಯ ಮಟ್ಟಿಗೆ ಆ ಆಸ್ತಿ ಎಂದರೆ ನಾಲ್ಕು ಮಗ್ಗ ಮತ್ತು ಒಂದು ಮನೆ.

ಗೋವಾದಲ್ಲಿರುವ ಆ ಕಾಣದ ಹೆಣ್ಣುಮಗಳ ಬಗ್ಗೆ ಭಾಬಿ ಕೇಳಿದ್ದರು. ಆಕೆಯ ಜಾಗದಲ್ಲಿ ತಾನೂ ಐದು ವರ್ಷಗಳಿಂದ ನಿಂತಿದ್ದೇನೆ ಎಂಬುದು ಅವರಿಗೆ ಆಗ ತಿಳಿಯಿತು.

ಮರುದಿನದಿಂದ ಹುಡುಗ ಕೆಂಪು ಕಾರಿನ ಮಾತು ಬಿಟ್ಟ. ಬೀಳಗಿಗೆ ಹೋದ. ಅವರು ಜೀಪನ್ನು ಎರಡೇ ವರ್ಷ ಇಟ್ಟುಕೊಂಡು ಮುಧೋಳದ ಕಡೆಯ ಒಬ್ಬ ರೈತರಿಗೆ ಮಾರಿದ್ದರು. ಅದೇ ಖಾಲಿ ನಮೂನೆ, ಅದೇ ಸಹಿ. ಮುಧೋಳಕ್ಕೆ ಹೋದ. ಆ ರೈತರು ಒಳ್ಳೆಯವರು. ಹೊಲಕ್ಕೆ, ಸಂತೆಗೆ ಅದೇ ಜೀಪು ಓಡಿಸುತ್ತಿದ್ದರು. “ಕಾಗದ ಮಾಡಸ್ಬೇಕು ಅಂತ ವರ್ಷಾ ಅನ್ಕೋತ ಬಂದೇನಿ ತಮ್ಮಾ, ಆಗಿಲ್ಲ” ಎಂದರಂತೆ. ಹುಡುಗ ಮೊದಲು ಮಾಡಿಸಿದ್ದು ವಿಮೆ. ಅದಾಗುವವರೆಗೆ ಜೀಪನ್ನು ರಸ್ತೆಗೆ ತರುವುದಿಲ್ಲ ಎಂದು ಅವರಿಂದ ಮಾತು ಪಡೆದ.

ಸತ್ತವರ ಹಳೆಯ ಸಹಿಯನ್ನು ಈಗ ಬಳಸುವಂತಿಲ್ಲ, ಬಳಸಲೂಬಾರದು. ಸರಿಯಾದ ದಾರಿ ಬೇರೆ. ಮಾಲೀಕರು ತೀರಿಕೊಂಡ 30 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ನಾವು ತಡವಾಗಿದ್ದೆವು. ಆದರೂ ಮರಣ ಪತ್ರ, ಮಕ್ಕಳ ಒಪ್ಪಿಗೆಯ ಪ್ರಮಾಣಪತ್ರ ಎಲ್ಲ ಕೊಟ್ಟು ಮೊದಲು ಭಾಬಿಯ ಹೆಸರಿಗೆ, ಅಲ್ಲಿಂದ ಆ ರೈತರ ಹೆಸರಿಗೆ ಮಾಡಿಸಿದೆವು. ನಾಲ್ಕೈದು ಬಾರಿ ಓಡಾಟವಾಯಿತು. ಭಾಬಿ ಈ ಬಾರಿ ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಿಸಿಕೊಂಡರು. ತಾರೀಖು ಬರೆಯದ ಜಾಗ ಒಂದನ್ನೂ ಬಿಡಲಿಲ್ಲ.

ಗಾಡಿ ಕೊಳ್ಳುವುದು-ಮಾರುವುದು ಗಂಡಸರ ವ್ಯವಹಾರ ಎಂದು ನಾವು ಚಹಾ ಕೊಟ್ಟು ಒಳಗೆ ಹೋಗುತ್ತೇವೆ. ಆದರೆ ನಷ್ಟ ಬಂದಾಗ ಮೊದಲು ಕರಗುವುದು ನಮ್ಮ ಬಳೆ, ನಮ್ಮ ಮಕ್ಕಳ ಫೀಸು. ಆದ್ದರಿಂದ ಕೆಲವು ಮಾತುಗಳನ್ನು ನಾವೂ ತಿಳಿದಿರಬೇಕು. ಮಾರಿದರೆ, ಅದೇ ರಾಜ್ಯದವರಿಗಾದರೆ 14 ದಿನದೊಳಗೆ, ಹೊರ ರಾಜ್ಯದವರಿಗಾದರೆ 45 ದಿನದೊಳಗೆ ನಮ್ಮ ನೋಂದಣಿ ಕಚೇರಿಗೆ ತಿಳಿಸಬೇಕು. ಕೊಂಡರೆ 30 ದಿನದೊಳಗೆ ಹೆಸರು ಬದಲಾಯಿಸಿಕೊಳ್ಳಬೇಕು, ವಿಮೆಯನ್ನು 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಗಾಡಿಯ ಮೇಲೆ ಸಾಲವಿದ್ದು ತೀರಿದ್ದರೆ ಬ್ಯಾಂಕಿನ ಪತ್ರ ಮತ್ತು ನಮೂನೆ 35 ಕೊಟ್ಟು ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಚಾಸಿ ಮತ್ತು ಎಂಜಿನ್ ಸಂಖ್ಯೆ ಕಾಗದದಲ್ಲಿ ಇರುವುದೇ ಗಾಡಿಯಲ್ಲೂ ಇದೆಯೇ ಎಂದು ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಬಾಕಿ ದಂಡ ಇದೆಯೇ ನೋಡಬೇಕು. 2021ರ ತಿದ್ದುಪಡಿಯ ನಂತರ ಆರ್.ಸಿ.ಯಲ್ಲಿ ನಾಮಿನಿಯ ಹೆಸರನ್ನೂ ಸೇರಿಸಬಹುದು. ಮನೆಯವರಿಗೆ ನೆನಪಿಸಿ ಅದನ್ನು ಮಾಡಿಸಿಕೊಳ್ಳಿ. ಮತ್ತು, ತಾರೀಖಿಲ್ಲದ ಖಾಲಿ ನಮೂನೆಗೆ ಯಾರು ಹೇಳಿದರೂ ಸಹಿ ಹಾಕಬೇಡಿ, ಹಾಕಲು ಬಿಡಬೇಡಿ.

ತಂಗಿ ಈಗ ನರ್ಸಿಂಗ್ ಕಾಲೇಜಿಗೆ ಸೇರಿದ್ದಾಳೆ. ಹುಡುಗ ಮಗ್ಗದ ದುಡಿಮೆಯಲ್ಲಿ ತನ್ನದೆಂದು ಪ್ರತಿ ತಿಂಗಳು ಸ್ವಲ್ಪ ಬೇರೆ ತೆಗೆದಿಡುತ್ತಿದ್ದಾನೆ. ಹಾಗೆ ಮಾಡು ಎಂದವರು ಭಾಬಿಯೇ. ಮೊನ್ನೆ ಹೋದಾಗ ಇನ್ನೊಂದು ಫೋಟೋ ತೋರಿಸಿದ. ಈ ಬಾರಿ ನೀಲಿ ಬಣ್ಣದ್ದು, ಅದೂ ಎರಡೇ ಸೀಟು.

“ಆರ್.ಸಿ. ಯಾರ ಹೆಸರಿನಲ್ಲಿದೆ?” ಎಂದು ಒಳಗಿನಿಂದ ಭಾಬಿ ಕೇಳಿದರು.

“ಮಾಲೀಕರೇ ಮಾರುತ್ತಿದ್ದಾರೆ ಅಮ್ಮಿ, ಮಾತಾಡಿದ್ದೇನೆ. ಇನ್ನೂ ಎರಡು ವರ್ಷ ಕೂಡಿಸಬೇಕು, ಆಮೇಲೆ ನೋಡೋಣ” ಎಂದ.

“ಆಗ ಮೊದಲು ದಾದಿಯನ್ನು ಕೂರಿಸಿಕೊಂಡು ಹೋಗು. ನಾವು ರಿಕ್ಷಾದಲ್ಲಿ ಬರುತ್ತೇವೆ” ಎಂದರು ಭಾಬಿ. ಈ ಬಾರಿ ಅವರೂ ನಕ್ಕರು.

ಓದಿ ಮುಗಿಸಿದ ಮೇಲೆ ದಯವಿಟ್ಟು ಒಂದು ಕೆಲಸ ಮಾಡಿ. ಕಪಾಟಿನಲ್ಲಿರುವ ನಿಮ್ಮ ಮನೆಯ ಗಾಡಿಯ ಆರ್.ಸಿ. ತೆಗೆದು ಹೆಸರು, ತಾರೀಖು ಓದಿ. ಹಿಂದೆ ಮಾರಿದ ಸ್ಕೂಟರ್, ಟೆಂಪೋ, ಜೀಪು ಏನಾದರೂ ಇದ್ದರೆ ಅದು ಇಂದು ಯಾರ ಹೆಸರಿನಲ್ಲಿದೆ ಎಂದು ಮನೆಯವರನ್ನು ಕೇಳಿ. ಉತ್ತರ ಗೊತ್ತಿಲ್ಲ ಎಂದರೆ ಇಂದೇ ನೋಡಿಸಿ.